ಡ್ರೈವ್ ಬಂದಾಗ ಹೆಲ್ಪ್‌ಗೆ ಹೋಗಬೇಕಾದವರು ಯಾರು? (ಕಾಲೇಜ್ ಬ್ಯಾಸ್ಕೆಟ್‌ಬಾಲ್)

ರಾಲಿ_ರಾಯ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕಾಲೇಜ್ ಬ್ಯಾಸ್ಕೆಟ್‌ಬಾಲ್ ನೋಡುವವರು ಇಲ್ಲಿ ಸುಮಾರು ಜನ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಪ್ರತಿ ಸೀಸನ್‌ನಲ್ಲೂ ಇದೇ ಕಥೆ. ಚೆಂಡು ಹಿಡಿದ ಗಾರ್ಡ್ ಒಬ್ಬ ತನ್ನ ಡಿಫೆಂಡರ್‌ನನ್ನು ದಾಟಿ ರಿಂಗ್ ಕಡೆ ಒಳಗೆ ನುಗ್ಗುತ್ತಾನೆ, ಅದೇ ಡ್ರೈವ್. ಕಾರ್ನರ್‌ನಲ್ಲಿದ್ದ ಡಿಫೆಂಡರ್ ತನ್ನವನನ್ನು ಬಿಟ್ಟು ತಡೆಯಲು ಎರಡು ಹೆಜ್ಜೆ ಒಳಗೆ ಬರುತ್ತಾನೆ, ಅದೇ ಹೆಲ್ಪ್. ಚೆಂಡು ಕಾರ್ನರ್‌ಗೆ ಹೋಗುತ್ತದೆ, ಮೂರು ಪಾಯಿಂಟ್. ಕಾಮೆಂಟೇಟರ್‌ಗಳು ಆ ಕಾರ್ನರ್ ಹುಡುಗನನ್ನೇ ಬಯ್ಯುತ್ತಾರೆ. ಅವನು ಬರದೇ ನಿಂತಿದ್ದರೆ ರಿಂಗ್ ಪಕ್ಕದಿಂದಲೇ ಸುಲಭದ ಲೇಅಪ್ ಬೀಳುತ್ತಿತ್ತು. ಆಗಲೂ ಬೈಗುಳ ಅವನಿಗೇ.

2019ರ ಪುರುಷರ ಕಾಲೇಜ್ ಫೈನಲ್ ನೆನಪಿದೆಯಾ? ಮಿನಿಯಾಪೊಲಿಸ್‌ನಲ್ಲಿ ವರ್ಜೀನಿಯಾ ಮತ್ತು ಟೆಕ್ಸಸ್ ಟೆಕ್. ಟೆಕ್ 68-65 ಮುಂದಿತ್ತು, ಉಳಿದದ್ದು ಕೆಲವೇ ಸೆಕೆಂಡ್. ವರ್ಜೀನಿಯಾದ ಟೈ ಜೆರೋಮ್ ಒಳಗೆ ನುಗ್ಗಿದ. ಅವನ ಜೊತೆ ಆಟಗಾರ ಡಿಆಂಡ್ರೆ ಹಂಟರ್‌ನನ್ನು ಕಾಯುತ್ತಿದ್ದವನು ಒಳಗೆ ವಾಲಿದ. ಪಾಸ್ ಕಾರ್ನರ್‌ಗೆ ಬಂತು, ಹಂಟರ್ ಹೊಡೆದ, 68-68. ಓವರ್‌ಟೈಮ್‌ನಲ್ಲಿ ವರ್ಜೀನಿಯಾ 85-77ಕ್ಕೆ ಗೆದ್ದಿತು. ಇಡೀ ವರ್ಷ ಡಿಫೆನ್ಸ್‌ನಿಂದಲೇ ಹೆಸರು ಮಾಡಿದ ಟೆಕ್ ತಂಡಕ್ಕೇ ಹೀಗಾಯಿತು.

ಹಾಗಾದರೆ ಹೆಲ್ಪ್‌ಗೆ ಹೋಗಬೇಕಾದವರು ಯಾರು? ಕಾರ್ನರ್‌ನವನಾ, ದೊಡ್ಡ ಆಳಾ, ಅಥವಾ ಯಾರೂ ಹೋಗದೆ ಎರಡು ಪಾಯಿಂಟ್ ಬಿಟ್ಟುಕೊಡಬೇಕಾ?

ಬಸವನಗುಡಿ_ಬಾಲ್

ಮೂರು ಪಾಯಿಂಟ್ ಮುಂದಿರುವಾಗ ಹೆಲ್ಪ್ ಯಾಕೆ ಗುರು? ಲೇಅಪ್ ಹೊಡೆಯಲಿ ಬಿಡಿ. ಒಂದು ಪಾಯಿಂಟ್ ಮುಂದೆ, ಚೆಂಡು ನಮ್ಮದೇ. ಅಷ್ಟೇ.

ಪಿಇ_ಮೇಷ್ಟ್ರು

ಆ ಒಂದು ಪೊಸೆಷನ್‌ಗೆ (ಚೆಂಡು ಸಿಕ್ಕ ಒಂದು ಸರದಿಗೆ) ಬಸವನಗುಡಿಯವರು ಹೇಳಿದ್ದು ಸರಿ. ಆದರೆ ಉಳಿದ 39 ನಿಮಿಷಕ್ಕೆ ಆ ಉತ್ತರ ನಡೆಯುವುದಿಲ್ಲ.

ರಾಯರೇ, "ಯಾರು ಹೋಗಬೇಕು" ಅನ್ನುವುದನ್ನು ಡ್ರೈವ್ ಶುರುವಾದ ಮೇಲೆ ಯೋಚಿಸಿದರೆ ಆಗಲೇ ತಡವಾಗಿದೆ. ಚೆಂಡು ಹಿಡಿದವನು ಮೊದಲ ಡ್ರಿಬಲ್ ಹಾಕುವ ಹೊತ್ತಿಗೆ ಉಳಿದ ನಾಲ್ವರು ಎಲ್ಲಿ ನಿಂತಿದ್ದರು? ನಾನು ಮೊದಲು ನೋಡುವುದು ಅದನ್ನೇ. ಚೆಂಡಿಗೆ ಒಂದು ಪಾಸ್ ದೂರ ಇರುವವನು ತನ್ನ ಆಟಗಾರನಿಗೆ ಅಂಟಿಕೊಂಡು ನಿಂತಿದ್ದರೆ ದಾರಿ ತೆರೆದೇ ಇದೆ. ಆಗ ಕೊನೆಗೆ ಕಾರ್ನರ್‌ನವನೇ ಓಡಿ ಬರಬೇಕಾಗುತ್ತದೆ. ಬಯ್ಯಬೇಕಾದ್ದು ಅವನನ್ನಲ್ಲ, ವಿಂಗ್‌ನಲ್ಲಿ (ಕಾರ್ನರ್‌ಗಿಂತ ಮೇಲಿನ ಪಕ್ಕದ ಜಾಗದಲ್ಲಿ) ಎರಡು ಹೆಜ್ಜೆ ಒಳಗೆ ನಿಲ್ಲದೇ ಇದ್ದವನನ್ನು.

ವರ್ಜೀನಿಯಾದ ಪ್ಯಾಕ್ ಲೈನ್ ಇದನ್ನೇ ಮಾಡುತ್ತಿತ್ತು. ರಿಂಗ್‌ನಿಂದ ಸುಮಾರು 16 ಅಡಿ ದೂರದಲ್ಲಿ ಒಂದು ಗೆರೆ ಇದೆ ಅಂದುಕೊಳ್ಳಿ. ಚೆಂಡಿನ ಮೇಲೆ ಒಬ್ಬ ಒತ್ತಡ ಹಾಕುತ್ತಾನೆ, ಉಳಿದ ನಾಲ್ವರೂ ಆ ಗೆರೆಯ ಒಳಗೆ. ಡ್ರೈವ್ ಮಾಡುವವನು ತಲೆ ಎತ್ತಿ ನೋಡಿದರೆ ಎರಡು ಕಡೆಯೂ ಜನ ಕಾಣಬೇಕು. ಇದನ್ನು ರೂಪಿಸಿದವರು ಡಿಕ್ ಬೆನೆಟ್. ಅವರ ಮಗ ಟೋನಿ ಬೆನೆಟ್ ಅದನ್ನು ವಾಷಿಂಗ್ಟನ್ ಸ್ಟೇಟ್‌ನಲ್ಲೂ ಆಮೇಲೆ ವರ್ಜೀನಿಯಾದಲ್ಲೂ ಬಳಸಿದರು. ಡ್ರೈವ್ ಶುರುವಾಗುವ ಮೊದಲೇ ಹೆಲ್ಪ್ ಅಲ್ಲಿ ನಿಂತಿರುತ್ತದೆ, ಓಡಿ ಬರುವ ಪ್ರಶ್ನೆಯೇ ಇಲ್ಲ.

ಹ್ಯೂಸ್ಟನ್_ಹುಡುಗ

ಪ್ಯಾಕ್ ಲೈನ್ ಅಂದ ತಕ್ಷಣ ನನಗೆ ನೆನಪಾಗೋದು 2018. ಒಂದನೇ ಸೀಡ್ (ಶ್ರೇಯಾಂಕ) ವರ್ಜೀನಿಯಾ, 16ನೇ ಸೀಡ್ ಯುಎಂಬಿಸಿ (ಮೇರಿಲ್ಯಾಂಡ್‌ನ ಒಂದು ಯೂನಿವರ್ಸಿಟಿ). ಅರ್ಧ ಆಟಕ್ಕೆ 21-21. ಮುಗಿದಾಗ 74-54! ಪುರುಷರ ಟೂರ್ನಮೆಂಟ್‌ನಲ್ಲಿ ಒಂದನೇ ಸೀಡ್ 16ರ ಎದುರು ಸೋತಿದ್ದು ಅದೇ ಮೊದಲು. ಯುಎಂಬಿಸಿಗೆ 12 ಮೂರು-ಪಾಯಿಂಟರ್ ಬಿದ್ದವು. ಎಲ್ಲರೂ ಒಳಗೆ ಕೂತರೆ ಹೊರಗಿನಿಂದ ಹೊಡೀತಾರೆ, ಇನ್ನೇನು ಮಾಡ್ತಾರೆ?

ಪಿಇ_ಮೇಷ್ಟ್ರು

ಆ ರಾತ್ರಿ ಹಂಟರ್ ಆಡಿರಲಿಲ್ಲ, ಮಣಿಕಟ್ಟು ಮುರಿದಿತ್ತು. ಅದು ಸಣ್ಣ ವಿಷಯವಲ್ಲ.

ಹ್ಯೂಸ್ಟನ್_ಹುಡುಗ

ಸರಿ ಮೇಷ್ಟ್ರೇ, ಆದರೆ 2019ರಲ್ಲಿ ಹಂಟರ್ ಇದ್ದ. ಆಗ ಪರ್ಡ್ಯೂನ ಕಾರ್ಸನ್ ಎಡ್ವರ್ಡ್ಸ್ ಇದೇ ಪ್ಯಾಕ್ ಲೈನ್ ಮೇಲೆ 42 ಪಾಯಿಂಟ್ ಹೊಡೆದ. ಅದರಲ್ಲಿ 10 ಮೂರು-ಪಾಯಿಂಟರ್. ವರ್ಜೀನಿಯಾ ಓವರ್‌ಟೈಮ್‌ನಲ್ಲಿ 80-75ಕ್ಕೆ ಬಚಾವಾಯಿತು.

ಸುಮಾ_11

ಎಡ್ವರ್ಡ್ಸ್ ಆ ದಿನ ಹೊಡೆದಿದ್ದರಲ್ಲಿ ಎಷ್ಟೋ ಶಾಟ್‌ಗಳು ಕೈ ಮುಖದ ಮುಂದೆ ಇದ್ದಾಗ, ತುಂಬ ದೂರದಿಂದ ಹೊಡೆದವು. ಅದಕ್ಕೆ ಯಾವ ಹೆಲ್ಪ್ ಡಿಫೆನ್ಸೂ ಉತ್ತರ ಕೊಡುವುದಿಲ್ಲ. ಒಬ್ಬ ಆಟಗಾರನ ಒಂದು ರಾತ್ರಿ ನೋಡಿ ಇಡೀ ಪದ್ಧತಿ ತಪ್ಪು ಅನ್ನಬೇಡಿ. ಅದೇ ತಂಡ ಅದೇ ಪದ್ಧತಿಯಲ್ಲಿ ಮುಂದಿನ ವಾರ ಚಾಂಪಿಯನ್ ಆಯಿತಲ್ಲ.

ನಾನು ಯೂನಿವರ್ಸಿಟಿ ತಂಡದಲ್ಲಿ ಆಡಿದವಳು. ನಮಗೆ ಹೇಳಿಕೊಡುತ್ತಿದ್ದದ್ದು ಒಂದೇ ಮಾತು: "ನಿನ್ನವಳನ್ನು ಬಿಡಬೇಡ". ಐದೂ ಜನ ಅವರವರ ಆಟಗಾರ್ತಿಗೆ ಅಂಟಿಕೊಂಡಿರುತ್ತಿದ್ದೆವು. ಯಾರಾದರೂ ಒಬ್ಬರು ದಾಟಿದರೆ ಮುಗಿಯಿತು, ರಿಂಗ್‌ವರೆಗೆ ರಾಜಮಾರ್ಗ. ಆಮೇಲೆ ಟಿವಿಯಲ್ಲಿ ಅಮೆರಿಕದ ಕಾಲೇಜ್ ಆಟ ನೋಡಿದಾಗ ಗೊತ್ತಾಯಿತು, ಚೆಂಡು ದೂರ ಇದ್ದಷ್ಟೂ ನಾನು ನನ್ನವಳಿಂದ ದೂರ ನಿಲ್ಲಬಹುದು ಅಂತ.

ಝೋನ್_ಪಕ್ಷ

ಇಷ್ಟೆಲ್ಲಾ ತಲೆಬಿಸಿ ಯಾಕೆ? 2-3 ಝೋನ್ ಹಾಕಿ, ಮುಂದೆ ಇಬ್ಬರು ಹಿಂದೆ ಮೂವರು, ಆಟಗಾರನ ಬದಲು ಜಾಗ ಕಾಯೋದು. ಕೋಚ್ ಜಿಮ್ ಬೋಹೈಮ್ ಸಿರಕ್ಯೂಸ್‌ನಲ್ಲಿ ಅದನ್ನೇ ಹಾಕಿಕೊಂಡು ದಶಕಗಳ ಕಾಲ ಗೆದ್ದರು, 2003ರಲ್ಲಿ ಚಾಂಪಿಯನ್‌ಶಿಪ್ ಕೂಡ. ಝೋನ್‌ನಲ್ಲಿ ಹೆಲ್ಪ್ ಮೊದಲಿನಿಂದಲೇ ಇರುತ್ತದೆ.

ಕುಡ್ಲ_ಗಾರ್ಡ್

ಝೋನ್ ಹಾಕಿದ್ರೆ ಹೈ ಪೋಸ್ಟ್‌ಗೆ (ಫ್ರೀ ಥ್ರೋ ಗೆರೆ ಹತ್ತಿರಕ್ಕೆ) ಒಂದು ಪಾಸ್ ಕೊಟ್ರೆ ಆಯ್ತು ಮಾರಾಯ್ರೇ, ಮಧ್ಯ ಪೂರ್ತಿ ಖಾಲಿ. ಅಲ್ಲಿಂದ ಡ್ರೈವ್ ಬಂದ್ರೆ ಹೆಲ್ಪ್ ಯಾರದ್ದು? ರಾಯರ ಪ್ರಶ್ನೆ ಅಲ್ಲೇ ಉಂಟು.

ಝೋನ್_ಪಕ್ಷ

2003ರ ಫೈನಲ್‌ನ ಕೊನೆಯ ಕ್ಷಣ ನೋಡಿ ಮಾತಾಡಿ. ಸಿರಕ್ಯೂಸ್ ಮೂರು ಪಾಯಿಂಟ್ ಮುಂದೆ. ಕ್ಯಾನ್ಸಸ್‌ನ ಮೈಕೆಲ್ ಲೀ ಕಾರ್ನರ್‌ನಲ್ಲಿ ಒಬ್ಬನೇ, ಶಾಟ್ ಎತ್ತಿದ. ಒಳಗಿದ್ದ ಹಕೀಮ್ ವಾರಿಕ್ ಅಷ್ಟು ದೂರ ಹಾರಿ ಬಂದು ಅದನ್ನು ಹೊರಗೆ ತಳ್ಳಿದ. 81-78. ಒಳಗೆ ಕಾದು ಹೊರಗೂ ಮುಟ್ಟಬಹುದು ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ?

ಪಿಇ_ಮೇಷ್ಟ್ರು

ವಾರಿಕ್ ಕೈ ಅಷ್ಟುದ್ದ ಇತ್ತು, ಅವನು ಮುಟ್ಟಿದ. ನಮ್ಮ ಕಾಲೇಜಿನ ಹುಡುಗರಿಗೆ ಆ ಕೈ ಎಲ್ಲಿಂದ ತರೋಣ? ಅದೂ ಅಲ್ಲದೆ ಆಗ ಮೂರು-ಪಾಯಿಂಟ್ ಗೆರೆ 19 ಅಡಿ 9 ಇಂಚಿನಲ್ಲಿತ್ತು. 2008-09ಕ್ಕೆ 20 ಅಡಿ 9 ಇಂಚಾಯಿತು. 2019-20ರಿಂದ ಪುರುಷರ ಆಟದಲ್ಲಿ ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ಗೆರೆಯೇ ಬಂತು, 22 ಅಡಿ ಒಂದೂ ಮುಕ್ಕಾಲು ಇಂಚು. ಒಳಗೆ ಹೆಲ್ಪ್ ಕೊಟ್ಟು ವಾಪಸ್ ಹೊರಗೆ ಓಡುವವನಿಗೆ ಈಗ ದಾರಿ ಉದ್ದವಾಗಿದೆ. ಶೂಟ್ ಮಾಡುವವನಿಗೂ ಕಷ್ಟ ಜಾಸ್ತಿ, ನಿಜ. ಆದರೆ ಓಡುವ ದೂರವೇ ಡಿಫೆನ್ಸ್‌ನ ತಲೆನೋವು.

ರಾಲಿ_ರಾಯ

ಮೇಷ್ಟ್ರೇ, ಇಲ್ಲಿಯವರೆಗೆ ಒಪ್ಪಿದೆ. ಆದರೆ ಟೆಕ್ಸಸ್ ಟೆಕ್ ಪ್ಯಾಕ್ ಲೈನ್ ಆಡುತ್ತಿರಲಿಲ್ಲ, ಅಲ್ವಾ? ಅವರದ್ದು ಬೇರೇನೋ ಇತ್ತು. ಬೇಕಂತಲೇ ಬೇಸ್‌ಲೈನ್ (ರಿಂಗ್ ಹಿಂದಿನ ಗೆರೆ) ಕಡೆ ದಾರಿ ಬಿಟ್ಟ ಹಾಗೆ ಕಾಣುತ್ತಿತ್ತು.

ಬಸವನಗುಡಿ_ಬಾಲ್

ಅದು ನೋ-ಮಿಡಲ್. ಆಗ ಕ್ರಿಸ್ ಬಿಯರ್ಡ್ ಹೆಡ್ ಕೋಚ್. ಡಿಫೆನ್ಸ್ ಕಟ್ಟಿದವರು ಅಸಿಸ್ಟೆಂಟ್ ಮಾರ್ಕ್ ಆಡಮ್ಸ್. ಅದೇ ವರ್ಷ ಮಿಷಿಗನ್ ತಂಡಕ್ಕೆ ಕೊಟ್ಟಿದ್ದು ಇಡೀ ಮ್ಯಾಚ್‌ನಲ್ಲಿ 44 ಪಾಯಿಂಟ್. 63-44.

ನನಗೆ ಇದರ ಬಗ್ಗೆ ಹುಚ್ಚು, ಸ್ವಲ್ಪ ಉದ್ದ ಬರೀತೀನಿ.

ಡ್ರೈವ್ ಮಧ್ಯದಿಂದ ಬಂದರೆ ಚೆಂಡು ಹಿಡಿದವನಿಗೆ ಎರಡೂ ಕಡೆ ಪಾಸ್ ಇದೆ. ಎಡ ಕಾರ್ನರ್, ಬಲ ಕಾರ್ನರ್, ಎರಡು ವಿಂಗ್, ಮೇಲಿನಿಂದ ಲಾಬ್ (ರಿಂಗ್ ಹತ್ತಿರಕ್ಕೆ ಎತ್ತರದ ಪಾಸ್). ಯಾರು ಹೆಲ್ಪ್‌ಗೆ ಬಂದರೂ ಒಬ್ಬ ಖಾಲಿ. ಅದಕ್ಕೇ ಟೆಕ್ ಗಾರ್ಡ್‌ಗಳು ಪಾದ ತಿರುಗಿಸಿ ಮಧ್ಯದ ದಾರಿ ಮುಚ್ಚಿ ನಿಲ್ಲುತ್ತಿದ್ದರು. ಮೇಲಿನ ಕಾಲು ಎಷ್ಟು ಮುಂದೆ ಇರುತ್ತಿತ್ತು ಅಂದರೆ ಬಹುತೇಕ ಸೈಡ್‌ಲೈನ್ ಕಡೆ ಮುಖ. ಆಟಗಾರ ಬೇಸ್‌ಲೈನ್ ಹಿಡಿದು ಇಳಿಯುತ್ತಾನೆ. ಅಲ್ಲಿ ಒಂದು ಕಡೆ ಬೇಸ್‌ಲೈನ್, ಮೇಲೆ ಬೋರ್ಡ್. ಅವನಿಗೆ ಉಳಿಯುವ ಪಾಸ್‌ಗಳು ಯಾವು ಅಂತ ಎಲ್ಲರಿಗೂ ಮೊದಲೇ ಗೊತ್ತು. ಎದುರಿನ ಕಡೆಯಿಂದ ಲೋ ಮ್ಯಾನ್ (ಆ ಕಡೆ ರಿಂಗ್‌ಗೆ ಹತ್ತಿರದ ಡಿಫೆಂಡರ್) ಬಂದು ಪೇಂಟ್‌ನ (ರಿಂಗ್ ಮುಂದಿನ ಬಣ್ಣದ ಜಾಗ) ಹೊರಗೇ ಅವನನ್ನು ನಿಲ್ಲಿಸುತ್ತಾನೆ.

ಡ್ರೈವ್ ಬಂದ ಕಡೆಯ ಕಾರ್ನರ್‌ನವನು ಮಾತ್ರ ಕದಲುವುದಿಲ್ಲ. ಅವನು ಬಂದರೆ ಪಾಸ್ ತುಂಬ ಹತ್ತಿರ, ಒಂದೇ ಕೈಯಲ್ಲಿ ಕೊಟ್ಟುಬಿಡಬಹುದು. ಲೋ ಮ್ಯಾನ್ ಬಂದರೆ ಪಾಸ್ ಇಡೀ ಕೋರ್ಟ್ ದಾಟಬೇಕು. ಆ ಸಮಯದಲ್ಲಿ ಉಳಿದವರು ಓಡಬಹುದು.

ರಾಲಿ_ರಾಯ

ಇದು ನನಗೆ ಬೇಕಿದ್ದ ಉತ್ತರ! ಹಾಗಾದರೆ ಲೋ ಮ್ಯಾನ್ ಬಿಟ್ಟು ಬಂದವನನ್ನು ಯಾರು ನೋಡಿಕೊಳ್ಳುತ್ತಾರೆ?

ಪಿಇ_ಮೇಷ್ಟ್ರು

ಹಾಂ, ಈಗ ಸರಿಯಾದ ಜಾಗಕ್ಕೆ ಬಂದಿರಿ. ಹೆಲ್ಪ್ ಮಾಡುವವನು ಯಾರು ಅಂತ ಎಲ್ಲರೂ ಕೇಳುತ್ತಾರೆ. ಹೆಲ್ಪ್‌ಗೆ ಹೋದವನ ಜಾಗ ತುಂಬುವವನು ಯಾರು ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಕಾಲೇಜ್ ಮಟ್ಟದಲ್ಲಿ ಡಿಫೆನ್ಸ್ ಒಡೆಯುವುದು ಈ ಎರಡನೇ ಹೆಜ್ಜೆಯಲ್ಲೇ.

ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಅನ್ನ ಬಡಿಸುವವನು ಪಕ್ಕದ ಸಾಲಿಗೆ ಕರೆದರು ಅಂತ ಹೋದರೆ, ಹಿಂದೆ ಬರುತ್ತಿದ್ದವನು ಅವನ ಸಾಲು ಹಿಡಿಯಬೇಕು. ಯಾರೂ ಕೂಗಿ ಹೇಳಬೇಕಿಲ್ಲ, ಕೈ ಬದಲಾಗುತ್ತದೆ ಅಷ್ಟೇ. ಇಲ್ಲೂ ಹಾಗೇ. ಲೋ ಮ್ಯಾನ್ ಚೆಂಡಿಗೆ ಹೋದ ತಕ್ಷಣ ಅದೇ ಕಡೆ ರಿಂಗ್‌ನಿಂದ ದೂರ ಮೇಲೆ ನಿಂತಿದ್ದ ಡಿಫೆಂಡರ್ ಕೆಳಗೆ ಇಳಿದು ರಿಂಗ್ ಹತ್ತಿರದವನನ್ನು ಹಿಡಿಯಬೇಕು. ಇದಕ್ಕೆ ಸಿಂಕ್ ಅಂತಾರೆ. ಆಗ ಮೇಲೆ ಇಬ್ಬರು ಆಟಗಾರರಿಗೆ ಒಬ್ಬ ಡಿಫೆಂಡರ್ ಉಳಿಯುತ್ತಾನೆ. ಅವನು ಇಬ್ಬರ ನಡುವೆ ನಿಂತು ಪಾಸ್ ಯಾವ ಕಡೆ ಹೊರಟಿತೋ ಆ ಕಡೆ ಓಡಬೇಕು. ಮೊದಲು ದಾಟಿಸಿಕೊಂಡವನು ಸುಮ್ನೆ ನಿಂತು ನೋಡುವಂತಿಲ್ಲ, ಅವನು ಹಿಂದಿನಿಂದ ಓಡಿ ಬಂದು ಖಾಲಿ ಬಿದ್ದವನನ್ನು ಹಿಡಿಯಬೇಕು.

ಇದನ್ನು ಕಲಿಸೋದು ಶೆಲ್ ಡ್ರಿಲ್‌ನಲ್ಲಿ. ನಾಲ್ವರು ಹೊರಗೆ, ನಾಲ್ವರು ಡಿಫೆನ್ಸ್. ಮೊದಲು ಡ್ರೈವ್ ಬೇಡ, ಬರೀ ಪಾಸ್. ಚೆಂಡು ಗಾಳಿಯಲ್ಲಿ ಇರುವಾಗಲೇ ನಾಲ್ವರೂ ಜಾಗ ಬದಲಾಯಿಸಬೇಕು. ಚೆಂಡು ಕೈಗೆ ಸೇರಿದ ಮೇಲೆ ಹೊರಟವನು ತಡವಾಗಿ ಹೊರಟವನು. ನಾನು ಪಾಸ್ ಮಧ್ಯದಲ್ಲಿ ಸೀಟಿ ಊದಿ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸುತ್ತೇನೆ. ಪಾದ ಯಾವ ಕಡೆ ಇದೆ, ಒಂದು ಕೈ ಚೆಂಡಿನ ಕಡೆ ಇನ್ನೊಂದು ತನ್ನವನ ಕಡೆ ಇದೆಯಾ, ತಲೆ ತಿರುಗಿಸದೆ ಇಬ್ಬರನ್ನೂ ನೋಡಬಹುದಾ, ಇಷ್ಟನ್ನು ನೋಡುತ್ತೇನೆ. ಹುಡುಗರಿಗೆ ಬೇಜಾರಾಗುತ್ತದೆ. ಆದರೂ ಬಿಡುವುದಿಲ್ಲ.

ಹ್ಯೂಸ್ಟನ್_ಹುಡುಗ

ಮೇಷ್ಟ್ರು ಹೇಳಿದ್ದನ್ನು ವೇಗದಲ್ಲಿ ನೋಡಬೇಕಾದರೆ ಕೋಚ್ ಕೆಲ್ವಿನ್ ಸ್ಯಾಂಪ್ಸನ್ ಅವರ ಹ್ಯೂಸ್ಟನ್ ನೋಡಿ. ಸ್ಕ್ರೀನ್ (ಡಿಫೆಂಡರ್‌ಗೆ ಅಡ್ಡ ನಿಲ್ಲೋದು) ಬಂದಾಗ ಇಬ್ಬರು ಚೆಂಡಿಗೆ ನುಗ್ಗುತ್ತಾರೆ. ಹಿಂದೆ ಮೂವರು ನಾಲ್ವರನ್ನು ಕಾಯುತ್ತಾರೆ. ಆ ಮೂವರ ಕಾಲನ್ನೇ ನೋಡಿ, ಚೆಂಡನ್ನು ನೋಡಬೇಡಿ.

2025ರ ಸೆಮಿಫೈನಲ್‌ನಲ್ಲಿ ಡ್ಯೂಕ್ ವಿರುದ್ಧ 14 ಪಾಯಿಂಟ್ ಹಿಂದಿದ್ದು 70-67ಕ್ಕೆ ಗೆದ್ದರು. ಅದು ಶೂಟಿಂಗ್‌ನಿಂದ ಮಾತ್ರ ಬಂದ ಗೆಲುವಲ್ಲ.

ಕುಡ್ಲ_ಗಾರ್ಡ್

ಫೈನಲ್ ಏನಾಯ್ತು ಅಂತಲೂ ಹೇಳಿ ಮಾರಾಯ್ರೇ.

ಹ್ಯೂಸ್ಟನ್_ಹುಡುಗ

ಫ್ಲಾರಿಡಾ 65, ಹ್ಯೂಸ್ಟನ್ 63. ಇನ್ನೂ ನೋವಿದೆ. ಕೊನೆಯ ಪೊಸೆಷನ್ ನಮ್ಮದೇ. ಇಮ್ಯಾನುಯಲ್ ಶಾರ್ಪ್ ಮೂರಕ್ಕೆ ಎದ್ದ. ಫ್ಲಾರಿಡಾದ ವಾಲ್ಟರ್ ಕ್ಲೇಟನ್ ಹಾರಿ ಎದುರಿಗೆ ಬಂದ. ಶಾರ್ಪ್‌ಗೆ ಗಾಳಿಯಲ್ಲೇ ಶಾಟ್ ಬಿಡುವ ಜಾಗ ಸಿಗಲಿಲ್ಲ, ಚೆಂಡು ಕೆಳಗೆ ಬಿಟ್ಟ. ತಾನೇ ಮೊದಲು ಮುಟ್ಟಿದರೆ ಟ್ರಾವೆಲ್ ಅನ್ನುವ ನಿಯಮ ಉಲ್ಲಂಘನೆ. ಚೆಂಡು ನೆಲದ ಮೇಲೆ ಪುಟಿಯುತ್ತಿದೆ, ಅವನು ಪಕ್ಕದಲ್ಲೇ ನಿಂತಿದ್ದಾನೆ, ಮುಟ್ಟುವಂತಿಲ್ಲ. ಟೈಮ್ ಮುಗಿಯಿತು.

ಶೂಟ್ ಮಾಡುವವನ ಕಡೆ ಓಡಿ ಹೋಗಿ ಹೀಗೆ ತಡೆಯೋದೇ ಕ್ಲೋಸ್‌ಔಟ್. ಹೆಲ್ಪ್ ಡಿಫೆನ್ಸ್‌ನ ಕೊನೆಯ ಹೆಜ್ಜೆ ಯಾವಾಗಲೂ ಕ್ಲೋಸ್‌ಔಟೇ. ಅದು ಸರಿ ಇಲ್ಲದಿದ್ದರೆ ಮೊದಲಿನ ಎಲ್ಲಾ ಓಟ ದಂಡ.

ಸುಮಾ_11

ಹಾರಿ ಬಂದು ಮುಚ್ಚೋದು ಕೊನೆಯ ಸೆಕೆಂಡ್‌ಗೆ ಸರಿ. ಆಟದ ಮಧ್ಯೆ ಹಾಗೆ ಹಾರಿದರೆ ಅವನು ಚೆಂಡು ಎತ್ತಿದ ಹಾಗೆ ಮಾಡಿ ಪಕ್ಕದಿಂದ ಮತ್ತೆ ಡ್ರೈವ್ ಮಾಡ್ತಾನೆ. ಮತ್ತೆ ಹೆಲ್ಪ್, ಮತ್ತೆ ಪಾಸ್. ಮೂರನೇ ಸಲಕ್ಕೆ ಯಾರೂ ಸಮಯಕ್ಕೆ ಮುಟ್ಟುವುದಿಲ್ಲ. ಓಡಿ ಬಂದು ಕೊನೆಯಲ್ಲಿ ಸಣ್ಣ ಹೆಜ್ಜೆ ಹಾಕಿ ನಿಲ್ಲಬೇಕು, ಕೈ ಮೇಲೆ, ಸೊಂಟ ಕೆಳಗೆ.

ರಾಲಿ_ರಾಯ

ಯಾರನ್ನು ಬಿಟ್ಟು ಹೆಲ್ಪ್‌ಗೆ ಹೋಗಬಹುದು ಅನ್ನೋದು ಆ ಆಟಗಾರ ಯಾರು ಅನ್ನೋದರ ಮೇಲೂ ಹೋಗುತ್ತೆ ಅಲ್ವಾ? ಎಲ್ಲರೂ ಶೂಟರ್ ಅಲ್ಲವಲ್ಲ.

ಸುಮಾ_11

ಖಂಡಿತ. ಅದಕ್ಕೆ 2023ರ ಮಹಿಳೆಯರ ಸೆಮಿಫೈನಲ್‌ಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಸೌತ್ ಕ್ಯಾರೊಲಿನಾ ಆ ಸೀಸನ್ ಅಲ್ಲಿಯವರೆಗೆ 36-0, ಒಂದೂ ಸೋಲಿಲ್ಲ. ಒಳಗೆ ಅವರನ್ನು ತಡೆಯುವವರೇ ಇರಲಿಲ್ಲ. ಅಯೋವಾ ಏನು ಮಾಡಿತು? ಹೊರಗಿನಿಂದ ಹೊಡೆಯದ ಗಾರ್ಡ್‌ಗಳನ್ನು ಪೂರ್ತಿ ಬಿಟ್ಟುಬಿಟ್ಟು ಪೇಂಟ್‌ನಲ್ಲಿ ಜನ ತುಂಬಿಸಿತು. ಸೌತ್ ಕ್ಯಾರೊಲಿನಾದ ರೇವನ್ ಜಾನ್ಸನ್ ಕೈಗೆ ಚೆಂಡು ಬಂದಾಗ ಅಯೋವಾದ ಕೇಟ್ಲಿನ್ ಕ್ಲಾರ್ಕ್ ದೂರದಲ್ಲೇ ನಿಂತು "ಹೊಡಿ ಬೇಕಾದ್ರೆ" ಅನ್ನುವ ಹಾಗೆ ಕೈ ಬೀಸಿದ್ದು ಎಲ್ಲರೂ ನೋಡಿದ್ದಾರೆ. 77-73ಕ್ಕೆ ಅಯೋವಾ ಗೆದ್ದಿತು. ಕ್ಲಾರ್ಕ್ 41 ಪಾಯಿಂಟ್ ಹೊಡೆದಳು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಆ ಗೆಲುವಿನಲ್ಲಿ ಪೇಂಟ್ ಮುಚ್ಚಿದ್ದಕ್ಕೂ ಅಷ್ಟೇ ಪಾಲಿದೆ.

ಮುಂದಿನ ವರ್ಷದ ಕಥೆ ಇನ್ನೂ ಚೆನ್ನಾಗಿದೆ. ಕೋಚ್ ಡಾನ್ ಸ್ಟೇಲಿ ಅವರ ಸೌತ್ ಕ್ಯಾರೊಲಿನಾ ಹೊರಗಿನಿಂದ ಹೊಡೆಯುವ ತಂಡವಾಗಿ ಬದಲಾಯಿತು. 2024ರ ಫೈನಲ್‌ನಲ್ಲಿ ಅದೇ ಅಯೋವಾವನ್ನು 87-75ಕ್ಕೆ ಸೋಲಿಸಿ 38-0 ಸೀಸನ್ ಮುಗಿಸಿದರು. ಕ್ಲಾರ್ಕ್‌ನ ಕಾಯುವ ಕೆಲಸದಲ್ಲಿ ಅದೇ ರೇವನ್ ಜಾನ್ಸನ್ ಇದ್ದಳು. ಆ ಹುಡುಗಿ ಬಗ್ಗೆ ನನಗೆ ತುಂಬಾ ಅಭಿಮಾನ.

ಬಸವನಗುಡಿ_ಬಾಲ್

ಆ ಫೈನಲ್ ನಾನೂ ನೋಡಿದೆ ಮೇಡಂ. ಪುರುಷರ ಫೈನಲ್ ಆದರೆ ನಮಗೆ ಇಲ್ಲಿ ಮಂಗಳವಾರ ಬೆಳಗ್ಗೆ ಏಳು ಗಂಟೆ ಹತ್ತಿರ ಶುರು. ಕಾಲೇಜ್ ಬಸ್‌ನಲ್ಲಿ ಮೊಬೈಲ್ ಹಿಡ್ಕೊಂಡು ಅರ್ಧ, ಕ್ಲಾಸ್ ಬಾಗಿಲಲ್ಲಿ ಅರ್ಧ.

ಕುಡ್ಲ_ಗಾರ್ಡ್

ಎರಡನೇ ಹಾಫ್ ಹೊತ್ತಿಗೆ ನಮ್ಮಲ್ಲಿ ಅಟೆಂಡೆನ್ಸ್ ಕರೀತಾರೆ. 😀

ಎನ್‌ಬಿಎ_ಮಂಜು

ಇಷ್ಟೆಲ್ಲಾ ಓದಿದೆ, ಆದರೆ ಒಂದು ವಿಷಯ ಯಾರೂ ಹೇಳಿಲ್ಲ. ಲೋ ಮ್ಯಾನ್ ಪೇಂಟ್‌ನಲ್ಲಿ ಹಾಗೆ ನಿಂತೇ ಇದ್ದರೆ ಮೂರು ಸೆಕೆಂಡ್ ನಿಯಮದ ಉಲ್ಲಂಘನೆ ಆಗುತ್ತದೆ. ಎನ್‌ಬಿಎ ಕ್ಲಿಪ್‌ಗಳಲ್ಲಿ ನೋಡಿ, ದೊಡ್ಡ ಆಟಗಾರರು ಪೇಂಟ್‌ಗೆ ಬಂದು ಹೋಗಿ ಮಾಡುತ್ತಲೇ ಇರುತ್ತಾರೆ. ಅದನ್ನೇ ಕಲಿಸಬೇಕು.

ಸೀಟಿ_ಸಾಹೇಬ್ರು

ಇದು ಎನ್‌ಬಿಎಗೆ ಮಾತ್ರ ಸರಿ. ಡಿಫೆನ್ಸ್ ಮೂರು ಸೆಕೆಂಡ್ ನಿಯಮ 2001-02ರಿಂದ ಅಲ್ಲಿದೆ. ಅಮೆರಿಕದ ಕಾಲೇಜ್ ಆಟದಲ್ಲಿ ಅದು ಇಲ್ಲ. ಫೀಬಾದಲ್ಲೂ ಇಲ್ಲ, ಅಂದರೆ ನಮ್ಮ ಇಂಟರ್‌ಕಾಲೇಜ್ ಮ್ಯಾಚ್‌ಗಳಲ್ಲೂ ಇಲ್ಲ. ಡಿಫೆಂಡರ್ ರಿಂಗ್ ಕೆಳಗೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಮೂರು ಸೆಕೆಂಡ್ ಅಟ್ಯಾಕ್ ಮಾಡುವ ತಂಡಕ್ಕೆ ಮಾತ್ರ. ಎನ್‌ಬಿಎ ಕ್ಲಿಪ್ ನೋಡಿ ಡಿಫೆನ್ಸ್ ಕಲಿಸುವ ಹುಡುಗರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಹೆಲ್ಪ್‌ಗೆ ಬರುವವರು ತಿಳಿದಿರಬೇಕಾದ ಇನ್ನೊಂದು ಗೆರೆ ರಿಂಗ್ ಕೆಳಗಿನ ಅರ್ಧವೃತ್ತ. ಕಾಲೇಜ್ ಆಟದಲ್ಲಿ ಅದು 2011-12ರಲ್ಲಿ 3 ಅಡಿ ಇತ್ತು, 2015-16ರಿಂದ 4 ಅಡಿ. ಫೀಬಾದಲ್ಲಿ 1.25 ಮೀಟರ್, ಹೆಚ್ಚುಕಮ್ಮಿ ಅಷ್ಟೇ. ಅದರೊಳಗೆ ನಿಂತ ಹೆಲ್ಪ್ ಡಿಫೆಂಡರ್‌ಗೆ ಚಾರ್ಜ್ (ಡಿಕ್ಕಿ ಹೊಡೆದ ಅಟ್ಯಾಕರ್ ಮೇಲೆ ಫೌಲ್) ಸಿಗುವುದಿಲ್ಲ. 2023-24ರಿಂದ ಪುರುಷರ ಕಾಲೇಜ್ ಆಟದಲ್ಲಿ ಇನ್ನೂ ಬಿಗಿ ಮಾಡಿದ್ದಾರೆ. ಆಟಗಾರ ಮೇಲೆ ಹಾರಲು ಕೊನೆಯ ಪಾದ ಊರುವ ಮೊದಲೇ ಡಿಫೆಂಡರ್ ಅಲ್ಲಿ ನಿಂತಿರಬೇಕು. ಕೊನೆಯ ಕ್ಷಣದಲ್ಲಿ ಜಾರಿ ಬಂದು ಬೀಳುವವರಿಗೆ ಈಗ ಬ್ಲಾಕಿಂಗ್ ಫೌಲ್.

ಪಿಇ_ಮೇಷ್ಟ್ರು

ಸಾಹೇಬ್ರು ಹೇಳಿದ ಈ ಕೊನೆಯ ಬದಲಾವಣೆ ಹೆಲ್ಪ್ ಕಲಿಸುವ ರೀತಿಯನ್ನೇ ಬದಲಾಯಿಸಿತು. ಮೊದಲು "ಹೋಗಿ ಎದೆ ಕೊಡು" ಅಂತ ಹೇಳುತ್ತಿದ್ದರು. ಈಗ ಬೇಗ ಬರಲಾಗದಿದ್ದರೆ ನೇರ ಮೇಲೆ ಎಗರು, ಕೈ ನೆಟ್ಟಗೆ ಮೇಲೆ, ಮುಂದಕ್ಕೆ ವಾಲಬೇಡ.

ಕುಡ್ಲ_ಗಾರ್ಡ್

ಚಾರ್ಜ್ ವಿಷಯ ಬಂದಿದ್ದಕ್ಕೆ ಹೇಳ್ತೇನೆ. ನಾವು ಆಡುವುದು ಸಿಮೆಂಟ್ ಕೋರ್ಟ್‌ನಲ್ಲಿ. ಮಧ್ಯಾಹ್ನದ ಬಿಸಿಲಿಗೆ ಕಾದಿರ್ತದೆ, ಮೇಲೆ ಸಣ್ಣ ಜಲ್ಲಿ ಬೇರೆ. ಅಲ್ಲಿ ಹಿಂದಕ್ಕೆ ಬಿದ್ದರೆ ಮೊಣಕೈ ಚರ್ಮ ಅಲ್ಲೇ ಉಳೀತದೆ. ಅಮೆರಿಕದ ಮರದ ಕೋರ್ಟ್ ಹುಡುಗರು ಬಿದ್ದ ಹಾಗೆ ನಮ್ಮ ಹುಡುಗರು ಬೀಳಬೇಕು ಅಂತ ಹೇಳುವ ಕೋಚ್‌ಗಳು ಮೊದಲು ತಾವು ಬಿದ್ದು ತೋರಿಸಲಿ.

ಸುಮಾ_11

ನೂರಕ್ಕೆ ನೂರು ನಿಜ. ನನ್ನ ಎಡ ಮೊಣಕೈ ಮೇಲೆ ಇನ್ನೂ ಗುರುತಿದೆ. ಒಳಾಂಗಣ ಕೋರ್ಟ್ ಇಲ್ಲದ ಊರುಗಳಲ್ಲಿ ಕಾಲಿನಿಂದಲೇ ಡಿಫೆನ್ಸ್ ಆಡುವುದನ್ನು ಕಲಿಸಬೇಕು, ಬೀಳುವುದನ್ನಲ್ಲ.

ಝೋನ್_ಪಕ್ಷ

ಅದಕ್ಕೇ ಝೋನ್ ಅಂದೆ.

ಬಸವನಗುಡಿ_ಬಾಲ್

ಝೋನ್‌ನಲ್ಲಿ ಬೀಳೋದಿಲ್ವಾ ಅಣ್ಣ? 😀

ವಿಷಯಕ್ಕೆ ಬರ್ತೀನಿ. ಅಟ್ಯಾಕ್ ಕಡೆಯಿಂದಲೂ ಯೋಚಿಸಬೇಕು. ಈ ಡ್ರೈವ್ ಆಟವನ್ನೇ ಒಂದು ಪದ್ಧತಿಯಾಗಿ ಮಾಡಿದವರು ವ್ಯಾನ್ಸ್ ವಾಲ್‌ಬರ್ಗ್, ಕ್ಯಾಲಿಫೋರ್ನಿಯಾದ ಫ್ರೆಸ್ನೊ ಕಡೆಯ ಕೋಚ್. ಜಾನ್ ಕ್ಯಾಲಿಪರಿ ಅದನ್ನು ಮೆಂಫಿಸ್‌ಗೆ ತಂದರು. 2008ರಲ್ಲಿ ಡೆರಿಕ್ ರೋಸ್ ಇದ್ದ ತಂಡ ಫೈನಲ್‌ವರೆಗೆ ಹೋಗಿ ಕ್ಯಾನ್ಸಸ್ ಎದುರು ಓವರ್‌ಟೈಮ್‌ನಲ್ಲಿ 75-68ಕ್ಕೆ ಸೋತಿತು. ಆ ಪದ್ಧತಿಯಲ್ಲಿ ನಾಲ್ವರು ಹೊರಗೆ ಅಗಲವಾಗಿ ನಿಲ್ಲುತ್ತಾರೆ. ದೊಡ್ಡವನು ಚೆಂಡಿನ ಎದುರಿನ ಕಡೆ, ರಿಂಗ್ ಪಕ್ಕ. ಅಂದರೆ ಡ್ರೈವ್ ಬರುವ ದಾರಿಯಿಂದ ದೊಡ್ಡ ಡಿಫೆಂಡರ್‌ನನ್ನು ಬೇಕಂತಲೇ ದೂರ ಎಳೆದಿರುತ್ತಾರೆ. ಅವನು ಹೆಲ್ಪ್‌ಗೆ ಬಂದರೆ ಹಿಂದೆ ಲಾಬ್. ಕಾರ್ನರ್‌ನವನು ಬಂದರೆ ಹೊರಗೆ ಕಿಕ್-ಔಟ್ ಪಾಸ್. ರಾಯರು ಕೇಳಿದ ಪ್ರಶ್ನೆಗೆ ಡಿಫೆನ್ಸ್ ಬಳಿ ಉತ್ತರ ಇರಬಾರದು ಅಂತಲೇ ಈ ಆಟ ಕಟ್ಟಿದ್ದು.

ಪಿಇ_ಮೇಷ್ಟ್ರು

ಚೆನ್ನಾಗಿ ಬರೆದಿರಿ. ಅದಕ್ಕೇ ಪೂರ್ತಿ ಹೆಲ್ಪ್ ಕೊಡದೆ ಅರ್ಧ ಹೆಲ್ಪ್ ಕೊಡುವುದನ್ನು ಕಲಿಸಬೇಕು. ಸ್ಟಂಟ್ ಅನ್ನುತ್ತಾರೆ. ಫ್ರೀ ಥ್ರೋ ಗೆರೆಯ ನಡುಮಧ್ಯದ ಜಾಗಕ್ಕೆ ನೇಲ್ ಅಂತ ಹೆಸರು, ಮರದ ಕೋರ್ಟ್‌ಗಳಲ್ಲಿ ಅಳತೆಗೆ ಅಲ್ಲೊಂದು ಮೊಳೆ ಹೊಡೆದಿರುತ್ತಾರೆ. ಅಲ್ಲಿ ನಿಂತವನು ಡ್ರಿಬಲ್ ಕಡೆಗೆ ಒಂದು ಹೆಜ್ಜೆ ಚುರುಕಾಗಿ ಹಾಕಿ, ಕೈ ತೋರಿಸಿ, ತಕ್ಷಣ ತನ್ನವನ ಕಡೆ ವಾಪಸ್. ಚೆಂಡು ಕಸಿಯುವ ಆಸೆ ಬೇಡ. ಡ್ರೈವ್ ಮಾಡುವವನು ಅರೆಕ್ಷಣ ತಡೆದರೆ ಸಾಕು. ಅಷ್ಟರಲ್ಲಿ ದಾಟಿಸಿಕೊಂಡವನು ಮತ್ತೆ ಅವನ ಮುಂದೆ ಬರುತ್ತಾನೆ. ಯಾರೂ ಯಾರನ್ನೂ ಬಿಡಲಿಲ್ಲ, ಪಾಸ್‌ಗೆ ಖಾಲಿ ಆಟಗಾರನೂ ಇಲ್ಲ.

ಹ್ಯೂಸ್ಟನ್_ಹುಡುಗ

ಒಳ್ಳೆ ಗಾರ್ಡ್‌ಗಳು ಸ್ಟಂಟ್‌ಗೆ ಹೆದರುವುದಿಲ್ಲ ಮೇಷ್ಟ್ರೇ. ಅದು ಹುಸಿ ಅಂತ ಅವರಿಗೆ ಗೊತ್ತು. ನೇರ ಹೋಗ್ತಾರೆ.

ಪಿಇ_ಮೇಷ್ಟ್ರು

ನಾಲ್ಕರಲ್ಲಿ ಒಂದು ಸಲ ನಿಜವಾಗಿ ಬನ್ನಿ. ಆಮೇಲೆ ಹುಸಿಯೂ ಕೆಲಸ ಮಾಡುತ್ತದೆ.

ಸೀಟಿ_ಸಾಹೇಬ್ರು

ಇಷ್ಟೆಲ್ಲಾ ಹೆಲ್ಪ್ ಯಾಕೆ ಬೇಕಾಯಿತು ಅಂತಲೂ ನೋಡಿ. 2013-14ರಿಂದ ಕಾಲೇಜ್ ಆಟದಲ್ಲಿ ಚೆಂಡು ಹಿಡಿದವನ ಮೇಲೆ ಕೈ ಇಡುವುದನ್ನು ಬಿಗಿಯಾಗಿ ಫೌಲ್ ಕೊಡಲು ಶುರು ಮಾಡಿದರು. ಒಂದು ಕೈ ಇಟ್ಟುಕೊಂಡೇ ಇರುವುದು, ಎರಡೂ ಕೈ ಇಡುವುದು, ಪದೇ ಪದೇ ತಿವಿಯುವುದು, ಮೊಣಕೈ ಅಡ್ಡ ಹಿಡಿಯುವುದು, ಎಲ್ಲಾ ಫೌಲ್. ಅದಕ್ಕೆ ಮೊದಲು ಗಾರ್ಡ್‌ನ ಸೊಂಟಕ್ಕೆ ಕೈ ಕೊಟ್ಟು ಡ್ರೈವ್ ತಿರುಗಿಸಿಬಿಡುತ್ತಿದ್ದರು. ಈಗ ಕಾಲು ಬೇಕು. ಕಾಲು ಸೋತರೆ ಪಕ್ಕದವನು ಬೇಕು.

ರಾಲಿ_ರಾಯ

ಎಲ್ಲರಿಗೂ ಧನ್ಯವಾದ. ಇನ್ನೊಂದು ಕೇಳಲಾ? ಮಾತಾಡೋದು. ಟಿವಿಯಲ್ಲಿ ಕೋಚ್‌ಗಳು ಇಡೀ ಮ್ಯಾಚ್ "ಟಾಕ್, ಟಾಕ್" ಅಂತ ಕೂಗುತ್ತಾರೆ. ಅಷ್ಟು ಗಲಾಟೆಯಲ್ಲಿ ಅದು ನಿಜವಾಗಿ ಕೇಳಿಸುತ್ತದಾ?

ಸುಮಾ_11

ಕೇಳಿಸುತ್ತದೆ, ಪಕ್ಕದವಳಿಗೆ ಕೇಳಿಸಿದರೆ ಸಾಕು. ಚೆಂಡಿನ ಮೇಲಿರುವವಳಿಗೆ ಬೆನ್ನ ಹಿಂದೆ ಏನಿದೆ ಅಂತ ಕಾಣುವುದಿಲ್ಲ. "ಎಡಕ್ಕೆ ನಾನಿದ್ದೇನೆ" ಅಂತ ಹಿಂದಿನಿಂದ ಒಂದು ದನಿ ಬಂದರೆ ಅವಳು ಧೈರ್ಯವಾಗಿ ಬಲ ಮುಚ್ಚುತ್ತಾಳೆ. ದನಿ ಬರದಿದ್ದರೆ ಎರಡೂ ಕಡೆ ಕಾಯಲು ಹೋಗಿ ಎರಡೂ ಕಡೆ ಸೋಲುತ್ತಾಳೆ. ಮಾತಾಡದ ತಂಡ ಮ್ಯಾಚ್‌ನ ಕೊನೆ ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ, ಕಾಲಿನಲ್ಲಿ ಶಕ್ತಿ ಹೋದಾಗ.

ಕೆಳಗಿರುವವಳೇ ಮಾತಾಡಬೇಕು. ಲೋ ಮ್ಯಾನ್‌ಗೆ ಇಡೀ ಕೋರ್ಟ್ ಎದುರಿಗೆ ಕಾಣುತ್ತದೆ.

ಎನ್‌ಬಿಎ_ಮಂಜು

ಕೊನೆಯದಾಗಿ ನನ್ನದೊಂದು. ಲೋ ಮ್ಯಾನ್ ಹೆಲ್ಪ್‌ಗೆ ಬಂದು ಶಾಟ್ ತಡೆದ, ಚೆಂಡು ರಿಂಗ್‌ಗೆ ತಾಗಿ ಹೊರಗೆ ಬಂತು ಅಂತಿಟ್ಟುಕೊಳ್ಳಿ. ಅವನು ಬಿಟ್ಟು ಬಂದವನು ರಿಬೌಂಡ್ ಹಿಡಿದು ಹಾಕಿದರೆ?

ಪಿಇ_ಮೇಷ್ಟ್ರು

ಸಿಂಕ್ ಆದವನು ಅವನ ಎದೆಗೆ ಬೆನ್ನು ಕೊಟ್ಟು ಬಾಕ್ಸ್-ಔಟ್ ಮಾಡಬೇಕು. ಸಾಮಾನ್ಯವಾಗಿ ಅದು ಸಣ್ಣ ಗಾರ್ಡ್ ಆಗಿರುತ್ತಾನೆ, ಎದುರಿಗೆ ದೊಡ್ಡ ಆಳು. ಅವನು ಚೆಂಡು ಹಿಡಿಯಬೇಕಾಗಿಲ್ಲ. ಆ ದೊಡ್ಡವನು ಹಿಡಿಯದ ಹಾಗೆ ಸೊಂಟದಿಂದ ಹಿಂದಕ್ಕೆ ತಳ್ಳಿ ಇಟ್ಟರೆ ಉಳಿದ ನಾಲ್ವರಲ್ಲಿ ಯಾರಾದರೂ ಹಿಡಿಯುತ್ತಾರೆ.

ಹ್ಯೂಸ್ಟನ್_ಹುಡುಗ

ಹ್ಯೂಸ್ಟನ್‌ನ ಗಾರ್ಡ್‌ಗಳು ಇದನ್ನು ಮಾಡುವುದನ್ನು ನೋಡಿ. ಪ್ರತಿ ಸಲ, ತಪ್ಪದೆ.

ಬಸವನಗುಡಿ_ಬಾಲ್

ಮೇಷ್ಟ್ರೇ, ಆ ಶೆಲ್ ಡ್ರಿಲ್ ಬಗ್ಗೆ ಬೇರೆ ಥ್ರೆಡ್ ಹಾಕಿ ದಯವಿಟ್ಟು. ಐದು ಜನ ಇದ್ದಾಗ ಹೇಗೆ, ಸ್ಕ್ರೀನ್ ಬಂದಾಗ ಹೇಗೆ, ಎಲ್ಲಾ ಬರೀರಿ.

ಪಿಇ_ಮೇಷ್ಟ್ರು

ಈ ವಾರಾಂತ್ಯ ಹಾಕುತ್ತೇನೆ. ಸ್ಕ್ರೀನ್ ಕೊನೆಗೆ ಬರುತ್ತದೆ, ಮೊದಲು ನಾಲ್ವರದ್ದು ಸರಿ ಮಾಡಿಕೊಳ್ಳಿ.